ನಾಲೆಯಾಚೆಯ ಹುಲ್ಲು

ಮನೆಯಿಂದ,
ಭಾನುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ ಪ್ರೀತಿಯಿಂದ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯಿರಿ ಎಂದರೆ ತಲೆಯಾಡಿಸಿ ತಣ್ಣೀರು ಕುಡಿಯುವವರು ನೀವು. ಅಲ್ಲಿ ಹೇಳುವವರೂ ಇಲ್ಲ. ಅತ್ತೆ ಚೆನ್ನಾಗಿದ್ದಾರೆ, ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾರೆ. ನಿಮ್ಮ ಫೋನಿಗೆ ಸಿಗ್ನಲ್ ಸಿಗದೆ ಲಾರಿಯವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹಿಂದಿನ ಕೋಣೆಯಲ್ಲಿ ನಮ್ಮ ಮಿಡತೆಗಳು ಸಾಯುತ್ತಿವೆ. ಮೃಗಾಲಯದ ಹಕ್ಕಿಗಳ ಆಹಾರಕ್ಕೆಂದು ಸಾಕಿದ್ದರಲ್ಲಿ ಅರ್ಧ ಹೋಯಿತು. ಸುಮ್ಮನೆ ಸತ್ತಿದ್ದರೆ ಸೆಕೆ ಎನ್ನುತ್ತಿದ್ದೆ. ಇವು ಹುಲ್ಲಿನ ತುದಿಗೆ ಹತ್ತಿ, ದಂಟನ್ನು ಕಾಲಲ್ಲಿ ಅವುಚಿಕೊಂಡು ಸಾಯುತ್ತವೆ. ಮುಟ್ಟಿದರೆ ಪುಡಿಪುಡಿ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ಮೊದಲು ಅನುಮಾನ ಅತ್ತೆಯ ಮೇಲೆ. ಇರುವೆಗೆಂದು ಏನಾದರೂ ಚೆಲ್ಲಿದಿರಾ ಎಂದು ಕೇಳಿಯೇಬಿಟ್ಟೆ. "ಹೂಂ ಕಣಮ್ಮ, ನಿನಗೂ ಒಂದು ಚಮಚ ಎತ್ತಿಟ್ಟಿದ್ದೀನಿ" ಎಂದರು. ಆಮೇಲೆ ಅವಕ್ಕೆ ಹುಲ್ಲು ತರುವ ನಿಮ್ಮ ತಮ್ಮನ ಮೇಲೆ. ಹುಲ್ಲು ಎಲ್ಲಿಯದೆಂದರೆ "ಹಿತ್ತಲಿಂದೇ ಅತ್ತಿಗೆ" ಎಂದ. ಹಿತ್ತಲಲ್ಲಿರುವುದು ಕರಿಮಣ್ಣು, ಅವನ ಚಪ್ಪಲಿಗೆ ಮೆತ್ತಿದ್ದು ಕೆಮ್ಮಣ್ಣು. ಗದರಿಸಿದ ಮೇಲೆ ಬಾಯಿಬಿಟ್ಟ: ನಾಲೆಯಾಚೆ ಹೋಗುತ್ತಿದ್ದನಂತೆ, ಕುಡುಗೋಲು ಒಯ್ಯಲು ಸೋಮಾರಿತನ, ಬೇರು ಮಣ್ಣು ಸಮೇತ ಕಿತ್ತು ತರುತ್ತಿದ್ದನಂತೆ.

ನಾಲೆಯಾಚೆ ಎಂದರೆ, ಮಿಡತೆ ಹಾವಳಿ ತಡೆಯಲು ನಮ್ಮ ಮದುವೆಗೆ ಮುಂಚೆ ನೀವು ಅವನ್ನು ಕೊಲ್ಲುವ ಹೊರದೇಶದ ಬೂಷ್ಟು ಚೆಲ್ಲಿದ ಹುಲ್ಲುಗಾವಲು. ಒಂದೇ ಚಳಿಗಾಲಕ್ಕೆ ಅದು ಸತ್ತುಹೋಯಿತೆಂದು ಹೋದ ಸಭೆಯಲ್ಲೆಲ್ಲ ಹೇಳುತ್ತೀರಿ. ಹಾಗಾದರೆ ಈ ಸಲ ಹೊರಡುವಾಗ ಬಾಗಿಲಲ್ಲಿ ನಿಂತು, "ನಾಲೆಯಾಚೆ ಹುಲ್ಲಿಗೆ ಹೋಗಬೇಡಿ, ಹಾವಿದೆ" ಎಂದಿರಲ್ಲ, ಏಕೆ? ನಿಮ್ಮ ತಮ್ಮನಿಗೆ ಅಲ್ಲಿ ಹಾವಿನ ಪೊರೆಯೂ ಕಂಡಿಲ್ಲ. ಹಾವೆಂದರೆ ನಾನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ನಿಮಗೆ ಗೊತ್ತು. ಯಾರ ಮೇಲಾದರೂ ಅನುಮಾನ ಪಟ್ಟೇನು, ನಿಮ್ಮ ಮೇಲೆ ಪಡುವಾಗ ಅಳು ಬರುತ್ತದೆ. ಈಗ ಆ ಬೂಷ್ಟನ್ನೇ ಅಲ್ಲಿಯ ಬಯಲಿಗೆ ಚೆಲ್ಲಲು ಹೋಗಿದ್ದೀರಿ. ಬೆಳೆ ತಿಂದ ಮಿಡತೆ ಯಾವುದು, ತಿನ್ನದ್ದು ಯಾವುದು ಎಂದು ಅದೇನು ವಿಚಾರಿಸಿ ಹಿಡಿಯುತ್ತದೆಯೇ?

ಊಟ ಬಿಡಬೇಡಿ. ಅತ್ತೆಯ ಆಶೀರ್ವಾದ, ನಿಮ್ಮ ತಮ್ಮ ನಮಸ್ಕಾರ ಹೇಳಿದ್ದಾನೆ, ಮುಖ ಮಾತ್ರ ತೋರಿಸುತ್ತಿಲ್ಲ.

ಇಂತಿ,
ಇನ್ನೂ ನಿಮ್ಮವಳೇ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಸತ್ತ ಮಿಡತೆಯನ್ನು ನಿಮ್ಮ ಪ್ರಯೋಗಾಲಯದ ಮೇಡಂ ನೋಡಿದರು. ನೀವು ತಂದ ಬೂಷ್ಟೇ ಅಂತೆ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದಂತೆ. ನಿನ್ನೆ ನೀವಿರುವ ಕಡೆಯ ರೈತಸಂಘದ ಹಿರಿಯರು ಪೇಟೆಗೆ ಬಂದಾಗ ಮನೆಗೆ ಫೋನ್ ಮಾಡಿದ್ದರು: "ಒಂದು ವರ್ಷಕ್ಕೆ ಹೋಗಿಬಿಡುತ್ತೆ ಅಂತಾರೆ ನಿಮ್ಮ ಯಜಮಾನರು. ನಿಜವೇನಮ್ಮ?" ಅವರೇ ಹೇಳುತ್ತಾರೆ ಎಂದೆ. ಶುಕ್ರವಾರ ಮತ್ತೆ ಮಾಡುತ್ತಾರೆ. ಅಷ್ಟರೊಳಗೆ ನೀವು ಹೇಳಿರದಿದ್ದರೆ ನಾನು ಹೇಳುತ್ತೇನೆ.