ಯಾರೂ ಇಲ್ಲದ ಮನೆಯಿಂದ

ಮನೆ ಮಾಲೀಕರಿಗೆ,

ಮೇಲಿನ ಮನೆಯ ಟೈಲರಮ್ಮನ ನಮಸ್ಕಾರ.

ಯಾರೂ ಇಲ್ಲದಾಗ ದೀಪ ಆರಿಸಿ ನಿಮ್ಮ ಫೋನಿಗೆ ಸುದ್ದಿ ಕಳಿಸಲೆಂದು ನೀವು ಚಾವಣಿಗೆ ಹಾಕಿಸಿದ ಸೆನ್ಸರನ್ನು ಬಿಚ್ಚಿ, ಗುಂಡಿ ಡಬ್ಬಿಯಲ್ಲಿಟ್ಟು ಈ ಪತ್ರದ ಜೊತೆ ಕಳಿಸಿದ್ದೇನೆ. ಅದರ ಕಣ್ಣಿಗೆ ಬೀಳಬೇಕಾದರೆ ಮನುಷ್ಯರು ಓಡಾಡುತ್ತಲೇ ಇರಬೇಕು. ಕೋಟಿನ ಗುಂಡಿಗೆ ಕೈಯಲ್ಲಿ ಕಾಜಾ ಹೊಲಿಯುವಾಗ ಮೈ ಅಲುಗಿದರೆ ಹೊಲಿಗೆ ಕೆಡುತ್ತದೆ, ಹಾಗಾಗಿ ನಾನು ಅಲ್ಲಾಡದೆ ಕೂರುತ್ತೇನೆ. ಅದು ದೀಪ ಆರಿಸುತ್ತಿತ್ತು, ನಾನು ಕೈ ಬೀಸಿ ಹೊತ್ತಿಸುತ್ತಿದ್ದೆ. ಅಷ್ಟನ್ನು ಸಹಿಸಿಕೊಂಡಿದ್ದೆ.

ಆದರೆ ಸೋಮವಾರ ನೀವು ನಿಮ್ಮ ಕೀಲಿಯಿಂದ ಬಾಗಿಲು ತೆಗೆದು, ಮನೆ ತೋರಿಸಲೆಂದು ಇಬ್ಬರನ್ನು ಒಳಗೇ ಕರೆತಂದಿರಿ.

“ಫೋನಲ್ಲಿ ಯಾರೂ ಇಲ್ಲ ಅಂತ ಬಂತಲ್ಲ,” ಅಂದಿರಿ.

“ಇಲ್ಲೇ ಇದೀನಲ್ಲ ಸಾರ್,” ಅಂದೆ.

ನೀವು ಮತ್ತೊಮ್ಮೆ ಫೋನ್ ನೋಡಿದಿರಿ.

ಮನೆ ಬಿಡುವ ಮಾತು ನಾನು ಎತ್ತಿಲ್ಲ, ಎತ್ತುವುದೂ ಇಲ್ಲ. ಹೊಸ ಸೆನ್ಸರ್ ಕಳಿಸಬೇಡಿ, ಅದಕ್ಕೂ ಇದೇ ಗತಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದೇನೆ.

ಅಂದು ನನ್ನ ತೊಡೆಯ ಮೇಲಿದ್ದದ್ದು ನಿಮ್ಮದೇ ಕೋಟು. ಅದೀಗ ಸಿದ್ಧವಾಗಿದೆ. ಒಯ್ಯಲು ಬಂದಾಗ ಬಾಗಿಲು ತಟ್ಟಿ ನಿಲ್ಲಿ. ಕೈಯಲ್ಲಿ ಬೇರೆಯವರ ಕಾಜಾ ಇದ್ದರೆ, ಅದು ಮುಗಿಯುವವರೆಗೆ ಕಾಯಬೇಕಾಗುತ್ತದೆ.

ಇತಿ,
ಮನೆಯಲ್ಲೇ ಇರುವ
ನಿಮ್ಮ ಬಾಡಿಗೆದಾರಳು