ಗದ್ದಲವೆಂದು ಬಿಟ್ಟದ್ದು

ಜೂನ್ 4, ಬೆಳಿಗ್ಗೆ

ಮತ್ತೆ ಆಫೀಸಿನ ನೆಲಮಾಳಿಗೆ. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ. ಭೂಕಂಪ ಅಳೆಯುವ ಯಂತ್ರ ಗುಂಡಿಯಲ್ಲಿ ಕೂತಿದೆ. ಬೆಕ್ಕು ನಡೆದರೂ ಬರೆದುಕೊಳ್ಳುತ್ತದೆ. ಎಂದಿನಂತೆ ಸ್ಕ್ರೀನಿನ ಮೇಲೆ ಒಂದು ದಪ್ಪ ಗೀಟು — ನನ್ನ ಜೊತೆ ಕೆಲಸ ಮಾಡುವವರು ಮೆಟ್ಟಿಲು ಇಳಿದರು. ಅದಕ್ಕೇ ಅವರಿಗೆ ‘ಆನೆ’ ಎಂದು ಹೆಸರು. ಅವರಿಗೂ ಗೊತ್ತು, ಬೇಜಾರಿಲ್ಲ.

ನನ್ನ ಕೆಲಸ ಗದ್ದಲ ತೆಗೆಯುವುದು. ಲಾರಿ, ಗಾಳಿ, ಪಂಪು, ಆನೆ — ಎಲ್ಲಕ್ಕೂ ಗುರುತು ಹಾಕಿ ಅಳಿಸುತ್ತಾ ಹೋಗುವುದು. ಉಳಿದದ್ದು ಭೂಮಿಯದು.

ಐದನೇ ತಿಂಗಳು ಮುಗಿಯುತ್ತಾ ಬಂತು. ಮಗು ಇನ್ನೂ ಮಿಸುಕಿಲ್ಲ. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆಯಂತೆ. ಹೋದ ಸಲವೂ ಹಾಗೇ ಹೇಳಿದ್ದರು, ಆಮೇಲೆ... ಬೇಡ.

ಜೂನ್ 7

ಅತ್ತೆ ಇವತ್ತು ಸೌಟು ಹುಡುಕುತ್ತಾ ಕೇಳಿದರು, “ಅಲ್ಲಮ್ಮಾ, ಇಷ್ಟು ವರ್ಷದಿಂದ ಅದನ್ನೇ ಕಾಯ್ತಾ ಕೂತಿದೀಯ. ಈ ಭೂಮಿ ಯಾಕೆ ನಡುಗುತ್ತೆ ಅಂತ ಒಂದು ದಿನಾನಾದ್ರೂ ನನಗೆ ಹೇಳಿದೀಯಾ?”

ಅಡುಗೆಮನೆಯ ಆ ಹಟಮಾರಿ ಡ್ರಾಯರ್ ತೋರಿಸಿದೆ. “ಎಳೀರಿ ಅತ್ತೆ.” ಎಳೆದರು. ಕಚ್ಚಿಕೊಂಡಿತ್ತು. ಇನ್ನೂ ಎಳೆದರು. ಒಮ್ಮೆಲೇ ಬಿಟ್ಟುಕೊಂಡು ಚಮಚಗಳೆಲ್ಲ ಝಣಝಣ.

“ಇಷ್ಟೇ. ನೆಲ ಅಂದ್ರೆ ದೊಡ್ಡ ದೊಡ್ಡ ಕಲ್ಲಿನ ಹಲಗೆಗಳು. ಅಂಚಿಗೆ ಅಂಚು ಕಚ್ಕೊಂಡಿರುತ್ವೆ. ಆಳದಲ್ಲಿರೋ ಬಿಸಿ ಅವನ್ನ ನಿಧಾನಕ್ಕೆ ಸರಿಸ್ತಾನೇ ಇರುತ್ತೆ. ಕಲ್ಲು ಬಾಗುತ್ತೆ, ತಡ್ಕೊಳ್ಳುತ್ತೆ, ಕೊನೆಗೆ ಜಾರುತ್ತೆ. ಆ ಝಣಝಣ ಮಾತ್ರ ನಮಗೆ ಗೊತ್ತಾಗೋದು.”

“ಪಾಪ, ಅದೂ ಎಷ್ಟೂಂತ ತಡ್ಕೊಳ್ಳುತ್ತೆ,” ಎಂದರು. ಕಣ್ಣು ನನ್ನ ಹೊಟ್ಟೆಯ ಮೇಲೆ. ಮಗು ಮಿಸುಕಿತಾ ಎಂದು ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ಊಟವಾದ ಮೇಲೆ ಹೊಟ್ಟೆಯಲ್ಲಿ ಏನೋ ಗುಳುಗುಳು. ಗ್ಯಾಸ್. ಬಿಸಿನೀರು ಕುಡಿದೆ.

ಜೂನ್ 8, ಮಧ್ಯಾಹ್ನ

ರಜೆ. ಕಿಟಕಿಯ ಬಳಿ ಉಗುರು ಕತ್ತರಿಸುತ್ತಾ ಕೂತೆ. ಭೂಖಂಡಗಳು ಸರಿಯುವುದೂ ಹೆಚ್ಚುಕಡಿಮೆ ಉಗುರು ಬೆಳೆಯುವಷ್ಟೇ ನಿಧಾನ. ಹಾಗೇ ನಿದ್ದೆ ಹತ್ತಿತು.

ಕನಸಿನಲ್ಲಿ ಮನೆ, ಬೀದಿ, ತಂತಿಯ ಮೇಲಿನ ಬಟ್ಟೆ, ಎಲ್ಲ ತೆಪ್ಪದಲ್ಲಿ ಕೂತ ಹಾಗೆ ಎಲ್ಲಿಗೋ ತೇಲಿಹೋಗುತ್ತಿದ್ದವು. ಯಾರಿಗೂ ಅವಸರವಿಲ್ಲ. ಅತ್ತೆ ತೇಲುತ್ತಲೇ ಅಂಗಳ ಗುಡಿಸುತ್ತಿದ್ದರು. ನಾನು ನೀರಾಗಿದ್ದೆ. ನನ್ನ ಆಳದಲ್ಲಿ ಒಂದು ಮೀನು ಮಗ್ಗುಲು ಬದಲಿಸಿತು.

ಎಚ್ಚರವಾದಾಗ ಇವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದರು. “ಏನಾದ್ರೂ...?”

“ಇಲ್ಲ.”

ಕೈ ತೆಗೆಯಲಿಲ್ಲ.

ಜೂನ್ 17

ಭಯವಾಗುತ್ತಿದೆ. ಅಷ್ಟೇ. ಇನ್ನೇನು ಬರೆಯಲಿ.

ಜೂನ್ 18

“ಮೇಡಂ, ಸ್ವಲ್ಪ ಇಲ್ಲಿ ಬನ್ನಿ,” ಎಂದರು ಆನೆ. ಸ್ಕ್ರೀನಿನ ಮೇಲೆ ನಾನು ಲಾರಿ ಎಂದು ಅಳಿಸಿದ್ದ ಪುಟ್ಟ ಪುಟ್ಟ ಗೀಟುಗಳು. “ಇವು ಲಾರಿ ಅಲ್ಲ ರೀ. ಬೆಟ್ಟದಾಚೆ ಸ್ಟೇಷನ್ನಿನ ಯಂತ್ರದಲ್ಲೂ ಇವೇ ಬಂದಿವೆ. ಕೆಳಗೆಲ್ಲೋ ಕಲ್ಲು ಸಣ್ಣಸಣ್ಣದಾಗಿ ಜಾರ್ತಾ ಇದೆ.”

ಕಿವಿ ಬಿಸಿಯಾಯಿತು. “ಗದ್ದಲ ಅಂದ್ಕೊಂಡೆ.”

“ಗದ್ದಲ ತೆಗೆಯೋದ್ರಲ್ಲಿ ನಿಮ್ಮ ಕೈ ಸ್ವಲ್ಪ ಜಾಸ್ತೀನೇ ಮುಂದು. ದಿನಾ ಬೆಳಿಗ್ಗೆ ನನ್ನನ್ನೂ ಅಳಿಸಿ ಬಿಸಾಕ್ತೀರಿ.”

ನಕ್ಕೆ. ಬಸ್ಸಿನಲ್ಲಿ ಬರುವಾಗ ನಗು ನಿಂತಿತು. ಊಟದ ಮೇಲಿನ ಗುಳುಗುಳು — ಗ್ಯಾಸ್ ಎಂದೆ. ಮೊನ್ನೆ ಇದೇ ಬಸ್ಸಿನಲ್ಲಿ ಹೊಟ್ಟೆಯೊಳಗೆ ಏನೋ ತಟ್ಟಿದ್ದು — ಬಸ್ಸು ಕುಲುಕಿತು ಎಂದೆ. ಮೀನು — ಕನಸು ಎಂದೆ. ದೇವರೇ, ಎಷ್ಟನ್ನು ಅಳಿಸಿದ್ದೇನೆ?

ಅದೇ ದಿನ, ಸಂಜೆ

ಚಾಪೆಯ ಮೇಲೆ ಮಲಗಿದ್ದೇನೆ. ಫ್ಯಾನ್ ಆಫ್. ಫ್ರಿಜ್ ಕೂಡ ಆಫ್. ಓಡಾಡಬೇಡಿ ಎಂದದ್ದಕ್ಕೆ ಅತ್ತೆ, “ಆಯ್ತು ಮಹಾತಾಯಿ, ಉಸಿರಾದ್ರೂ ಬಿಡಬಹುದಾ?” ಎಂದು ಬಾಗಿಲಲ್ಲೇ ಕೂತುಬಿಟ್ಟರು. ಇವರು ತುದಿಗಾಲಲ್ಲಿ ಬಂದು ಪಕ್ಕದಲ್ಲಿದ್ದಾರೆ. ಪುಸ್ತಕ ಹೊಟ್ಟೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೀದಿಯಲ್ಲಿ ಲಾರಿ. ಅದು ಲಾರಿಯೇ. ಪಕ್ಕದ ಮನೆಯ ಬಾಗಿಲು. ನನ್ನ ಉಸಿರು. ಇದು ನನ್ನ ನಾಡಿ.

ಇದು —

ಇದು ನನ್ನದಲ್ಲ. ಪುಸ್ತಕ ಅಲುಗಿತು. ಅಕ್ಷರ ಸೊಟ್ಟಗಾಯಿತು, ಅಳಿಸುವುದಿಲ್ಲ. ಮತ್ತೆ... ಅಯ್ಯೋ, ಮತ್ತೆ! ಇವರ ಕೈ ಎಳೆದು ಹೊಟ್ಟೆಯ ಮೇಲೆ —