ಮೂರನೇ ಮಶೀನಿನ ಚುಕ್ಕಿಗಳು

ನವೆಂಬರ್ 3, ಸೋಮವಾರ. ಬೆಳಿಗ್ಗೆ 7.10

ಇವತ್ತೂ ಅದೇ. ಲೈಟ್ ಹಾಕಲು ಹೋಗಿ ಪಟಾಕಿಯ ಫ್ಯಾನ್ ಆರಿಸಿದೆ. ಪಟಾಕಿ ಅಂದ್ರೆ ರೂಮ್‌ಮೇಟ್, ಬಾಯಿ ಹತ್ತಿಕೊಂಡರೆ ಆರಲ್ಲ. ಎಂಟು ಸ್ವಿಚ್, ಎಂಟೂ ಒಂದೇ ಥರ. ಮೂರು ತಿಂಗಳಿಂದ ದಿನಾ ಬೈಸಿಕೊಳ್ತಿದೀನಿ. ನಾನೇ ದಡ್ಡಿ ಅಂದ್ಕೊಂಡಿದ್ದೆ. ಡಿಸೈನ್ ಮೇಡಂ ಮೊದಲ ಕ್ಲಾಸಲ್ಲೇ ಹೇಳಿದ್ರು — "ನೂರು ಜನ ಒಂದೇ ತಪ್ಪು ಮಾಡಿದ್ರೆ ಅದು ಜನರ ತಪ್ಪಲ್ಲ, ವಸ್ತುವಿನ ತಪ್ಪು." ಐದನೇ ಕ್ಲಾಸಿಂದ ಹಾಸ್ಟೆಲ್ಲಲ್ಲೇ ಬೆಳೆದವಳಿಗೆ, ತಪ್ಪು ನಿನ್ನದಲ್ಲ ಅಂತ ಯಾರಾದ್ರೂ ಹೇಳಿದ್ದು ಅದೇ ಫಸ್ಟ್ ಟೈಮ್.

ಅಸೈನ್‌ಮೆಂಟ್: ದಿನಾ ಬಳಸೋ ಒಂದು ಕೆಟ್ಟ ವಸ್ತು ಹುಡುಕಬೇಕು. ಫೋಟೋ, ಆಮೇಲೆ ರೀಡಿಸೈನ್. ಹದಿನಾಲ್ಕಕ್ಕೆ ರಿವ್ಯೂ.

ನವೆಂಬರ್ 5, ಬುಧವಾರ

ಸಿಕ್ತು! ಲಾಂಡ್ರಿ ರೂಮಿನ ಹೊಸ ಮಶೀನ್‌ಗಳು. ಒಟ್ಟು ಆರು. ಸಪಾಟಾದ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಒಂಬತ್ತು ಬಟನ್. ಉಬ್ಬಿಲ್ಲ, ತಗ್ಗಿಲ್ಲ. ಬೂದು ಬಣ್ಣದ ಮೇಲೆ ಬೂದು ಚಿತ್ರ — ಬುಟ್ಟಿ, ಬುಟ್ಟಿಯೊಳಗೆ ಒಂದು ಗೆರೆ, ಬುಟ್ಟಿಯೊಳಗೆ ಎರಡು ಗೆರೆ. ಉಣ್ಣೆಗೂ ಕುದಿನೀರಿಗೂ ಒಂದೇ "ಪೀ" ಸದ್ದು. ಇಷ್ಟು ಕೆಟ್ಟದ್ದು ಸಿಕ್ಕಿದ್ದಕ್ಕೆ ಕುಣಿಯೋ ಹಾಗಾಯ್ತು.

ಮೂರನೆಯದು ಕಿಟಕಿ ಪಕ್ಕ, ಬೆಳಕು ಚೆನ್ನಾಗಿದೆ. ವಾರ್ಡನ್, ಸ್ಟಾಫ್ ಬಟ್ಟೆಗೆ ಅಂತ ಲಾಂಡ್ರಿ ಅಕ್ಕ ಬಳಸೋ ಮಶೀನ್. ಪ್ಯಾನೆಲ್ ಮೇಲೆ ಯಾರೋ ನೇಲ್ ಪಾಲಿಶ್ ಚೆಲ್ಲಿದ್ರು, ಅಲ್ಲಲ್ಲಿ ಕೆಂಪು ಹನಿ. ಫೋಟೋದಲ್ಲಿ ಗಲೀಜಾಗಿ ಕಾಣುತ್ತೆ ಅಂತ ಪಟಾಕಿಯ ರಿಮೂವರ್ ತಂದು ತಿಕ್ಕಿ ತಿಕ್ಕಿ ತೆಗೆದೆ. ಏನು ಗಟ್ಟಿ! ಹತ್ತು ನಿಮಿಷ ಹಿಡೀತು. ಫೋಟೋ ಸೂಪರ್.

ನವೆಂಬರ್ 8, ಶನಿವಾರ

ಲಾಂಡ್ರಿ ರೂಮಲ್ಲಿ ಗಲಾಟೆ. ವಾರ್ಡನ್ ಕೈಯಲ್ಲಿ ಅವರ ನೀಲಿ ಉಣ್ಣೆ ಸ್ವೆಟರ್. ಈಗ ಅದು ಗೊಂಬೆ ಸೈಜು.

"ಇದನ್ನ ಯಾರಿಗೆ ಹಾಕಲಿ? ನಮ್ಮನೆ ಬೆಕ್ಕಿಗಾ?"

ಅಕ್ಕ ತಲೆ ತಗ್ಗಿಸಿ ನಿಂತಿದ್ರು. "ಕೈ ತಪ್ತು ಮೇಡಂ."

"ಹನ್ನೊಂದು ವರ್ಷ ತಪ್ಪದ ಕೈ ಈಗ ತಪ್ತಾ? ಹೊಸ ಮಶೀನ್ ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ. ಹದಿನೇಳರಿಂದ ಬೇರೆಯವರನ್ನ ಕರೆಸ್ತೀನಿ."

ಕೆಲವರು ನಕ್ಕರು. ಪಟಾಕಿ ನಗಲಿಲ್ಲ. ನಂಗೆ ಆ ಕೆಂಪು ಹನಿಗಳು ನೆನಪಾದವು... ಚೆಲ್ಲಿದ್ದು ಅಷ್ಟು ನೆಟ್ಟಗೆ, ಬಟನ್ ಮೇಲೇ ಬೀಳುತ್ತಾ?

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಅಕ್ಕನಿಗೆ ಹೇಳಿದೆ, ಕೆಂಪು ಹನಿ ಒರೆಸಿದ್ದು ನಾನೇ ಅಂತ. ಹೇಳೋ ಮುಂಚೆ ಬಾಗಿಲವರೆಗೆ ಮೂರು ಸಲ ಹೋಗಿ ವಾಪಸ್ ಬಂದೆ — ಅದನ್ನೂ ಬರೀಬೇಕು.

ಅಕ್ಕ ಬೆಡ್‌ಶೀಟ್ ಮಡಚ್ತಾನೇ ಇದ್ರು. ಆಮೇಲೆ —

"ನೀನಾ? ಮೆಕ್ಯಾನಿಕ್ ಬಂದು ತೆಗೆದ್ನೇನೋ ಅಂದ್ಕೊಂಡಿದ್ದೆ. ಅವನಾಗಿದ್ರೆ ಬಾಯಿತುಂಬ ಬೈಬಹುದಿತ್ತು."

ಅಕ್ಕ ಕನ್ನಡಕ ಹಾಕಿದ್ರೆ ಇಲ್ಲಿನ ಹಬೆಗೆ ಮಂಜು ಕಟ್ಟುತ್ತೆ. ಹಾಕದಿದ್ರೆ ಬೂದು ಚಿತ್ರ ಕಾಣಲ್ಲ. ಅದಕ್ಕೇ ಚುಕ್ಕಿ. ತಣ್ಣೀರಿಗೆ ಒಂದು, ಉಣ್ಣೆಗೆ ಎರಡು. ಒದ್ದೆ ಬೆರಳಿಗೂ ತಾಕಬೇಕಲ್ಲ, ಒಂದರ ಮೇಲೊಂದು ಮೂರು ಕೋಟ್. ಕುದಿನೀರಿಗೆ ಮಾತ್ರ ಚುಕ್ಕಿ ಅಲ್ಲ, ಪಟ್ಟೆ. ಪಾಲಿಶ್‌ಗೆ ಒಂದು ಚಿಟಿಕೆ ಮರಳು ಕಲಸಿ ಎಳೆದದ್ದು. ಸ್ವೆಟರ್ ಹಾಕಿದ ದಿನ ಬೆರಳಿಗೆ ಏನೂ ಸಿಗದೆ ಅಂದಾಜಲ್ಲಿ ಒತ್ತಿದ್ರಂತೆ.

"ಮರಳು ಯಾಕೆ ಅಕ್ಕಾ?"

"ತಾಕಿದ ಕೂಡ್ಲೇ ಬೆರಳಿಗೇ ಬೇಡ ಅನ್ನಿಸಬೇಕು. ತಲೆಗೆ ಹೊಳೆಯೋಷ್ಟರಲ್ಲಿ ಒತ್ತಿ ಆಗಿರುತ್ತೆ."

ಮೈ ಜುಮ್ಮೆಂದಿತು. ಅಪಾಯದ ಬಟನ್ ಬೇರೆ ಥರ ಇರಬೇಕು ಅಂತ ನಾವು ಎರಡು ವಾರ ಪಾಠ ಕೇಳಿದೀವಿ. ಅಕ್ಕ ಒಂದು ಪುಟಾಣಿ ಬಾಟಲಿಯಲ್ಲಿ ಮುಗಿಸಿದಾರೆ. ನಾನು ಅದನ್ನ ಗಲೀಜು ಅಂತ ಒರೆಸಿದೀನಿ.

ವಾರ್ಡನ್‌ಗೆ ಈಗಲೇ ಹೇಳ್ತೀನಿ ಅಂದೆ. ಗಬಕ್ಕನೆ ಕೈ ಹಿಡಿದ್ರು.

"ಬೇಡ ಪುಟ್ಟಾ. ಮಶೀನ್ ಮೇಲೆ ಏನೂ ಹಚ್ಚಬಾರದು ಅಂತ ಬೋರ್ಡೇ ಇದೆ. ಅದರ ಮೇಲೆ ಕಣ್ಣೂ ಕಾಣಲ್ಲ ಅಂತ ಗೊತ್ತಾದ್ರೆ ಹದಿನೇಳರ ತನಕಾನೂ ಇಟ್ಕೊಳ್ಳಲ್ಲ."

ನವೆಂಬರ್ 12, ಬುಧವಾರ

ಊಟ ಸೇರ್ತಿಲ್ಲ. ಬಾಯಿ ಬಿಟ್ರೆ ಅಕ್ಕನ ಗುಟ್ಟು ಹೋಗುತ್ತೆ, ಬಿಡದಿದ್ರೆ ಕೆಲಸ. ಕೊನೆಗೆ ಪಟಾಕಿ ಹತ್ರ ಎಲ್ಲ ಕಕ್ಕಿದೆ.

"ಒರೆಸಿದ್ದು ನಿನ್ನ ತಪ್ಪು, ಹೇಳ್ಕೊಳೋಕೆ ಯಾರ ಪರ್ಮಿಶನ್ ಬೇಕೇ? ಕಣ್ಣಿನ ವಿಷಯ ಅವರದು. ಹೋಗಿ ಕೇಳು. ಇಲ್ಲಿ ಕೂತು ದಿಂಬಿನ ಹತ್ತಿ ಕೀಳಬೇಡ."

ಹೋದೆ. "ನಿಮ್ಮ ಕಣ್ಣಿನ ಮಾತೇ ಎತ್ತಲ್ಲ ಅಕ್ಕಾ. ಕಣ್ಣು ಚೆನ್ನಾಗಿರೋರಿಗೂ ಈ ಮಶೀನ್ ಆಗಲ್ಲ ಅಂತ ತೋರಿಸ್ತೀನಿ."

ಅಕ್ಕ ಚೀಲದಿಂದ ಕೆಂಪು ಬಾಟಲಿ ತೆಗೆದು ಕೈಗಿಟ್ರು.

"ಮೂರು ಕೋಟ್. ಆತುರ ಬೇಡ."

ನವೆಂಬರ್ 14, ಶುಕ್ರವಾರ. ಸಂಜೆ

ರಿವ್ಯೂಗೆ ಮಾಡಿದ್ದ ಹನ್ನೆರಡು ಸ್ಲೈಡ್ ಡಿಲೀಟ್ ಮಾಡಿ, ಇಡೀ ಕ್ಲಾಸನ್ನ ಲಾಂಡ್ರಿ ರೂಮಿಗೇ ಕರ್ಕೊಂಡು ಹೋದೆ. ವಾರ್ಡನ್‌ಗೂ ಬರೋಕೆ ಹೇಳಿದ್ದೆ. ಮೊದಲ ಮಾತೇ — "ಸ್ವೆಟರ್ ಹಾಳಾಗಿದ್ದು ನನ್ನಿಂದ. ಅಕ್ಕನಿಂದ ಅಲ್ಲ." ಒರೆಸಿದ್ದು ಪೂರ್ತಿ ಹೇಳಿದೆ.

ಡಿಸೈನ್ ಮೇಡಂಗೆ ಎರಡನೇ ಮಶೀನಲ್ಲಿ ಉಣ್ಣೆ ಬಟನ್ ಹುಡುಕಿ ಅಂದೆ. ಕಣ್ಣು ಬಿಟ್ಕೊಂಡೇ. ಬಗ್ಗಿ ನೋಡಿ, ಯೋಚಿಸಿ ಒತ್ತಿದ್ರು. ಕುದಿನೀರು. ಹಿಂದಿನಿಂದ ಪಟಾಕಿ: "ಇನ್ನೊಂದು ಸ್ವೆಟರ್ ಹೋಯ್ತು!"

ವಾರ್ಡನ್‌ಗೆ ಮೂರನೆಯದು, ನಿನ್ನೆ ನಾನು ಮತ್ತೆ ಚುಕ್ಕಿ, ಮರಳಿನ ಪಟ್ಟೆ ಹಚ್ಚಿದ್ದು. ಎರಡು ಚುಕ್ಕಿ ಅಂದ್ರೆ ಉಣ್ಣೆ, ಅಷ್ಟೇ ಹೇಳಿ ಕಣ್ಣು ಮುಚ್ಚಿಸಿದೆ. ಬೆರಳು ಮೊದಲು ಮರಳಿನ ಪಟ್ಟೆಗೆ ತಾಗಿ ತಾನಾಗೇ ಹಿಂದೆ ಬಂತು. ಆ ಕಡೆ ಸರೀತು. ನಿಂತಿತು.

"ಇದು... ಉಣ್ಣೆನಾ?"

"ಹೌದು ಮೇಡಂ."

ಡಿಸೈನ್ ಮೇಡಂ ನೋಟ್‌ಬುಕ್ ತೆಗೆದು, ನನ್ನನ್ನಲ್ಲ, ಅಕ್ಕನನ್ನ ಕೇಳಿದ್ರು — ಮರಳು ಎಷ್ಟು ಹಾಕ್ತೀರಿ? "ಚಿಟಿಕೆ," ಅಂದ್ರು ಅಕ್ಕ. ಮೇಡಂ ಬರ್ಕೊಂಡ್ರು.

ವಾರ್ಡನ್ ಮಾತ್ರ ಗೋಡೆಯ ಬೋರ್ಡ್ ಕಡೆ ನೋಡಿ, "ಇದನ್ನ ಓದಿಲ್ವಾ ನೀವು?" ಅಂತ ಅಕ್ಕನಿಗೆ ಕೇಳಿ ಹೊರಟುಹೋದ್ರು. ಹದಿನೇಳಕ್ಕೆ ಬೇರೆಯವರು ಬರ್ತಾರೋ ಏನೋ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 6.50

ಆರು ಗಂಟೆಗೇ ನೋಟಿಸ್ ಬೋರ್ಡ್ ಮುಂದೆ ನಿಂತಿದ್ದೆ. ಹೊಸ ಡ್ಯೂಟಿ ಪಟ್ಟಿ. ಲಾಂಡ್ರಿ ಸಾಲಲ್ಲಿ ಅಕ್ಕನ ಹೆಸರೇ! ಪಕ್ಕದಲ್ಲಿ ವಾರ್ಡನ್ ಕೈಬರಹ — "ಉಳಿದ ಐದಕ್ಕೂ ಹಚ್ಚಿಸಿ." ಅಷ್ಟೇ. "ಏನೂ ಹಚ್ಚಬಾರದು" ಬೋರ್ಡ್ ಲಾಂಡ್ರಿ ಗೋಡೆ ಮೇಲೆ ಹಾಗೇ ಇದೆ, ಅದರ ಮೇಲೆ ಯಾರೋ ಟವೆಲ್ ಒಣಹಾಕಿದಾರೆ. ಅಕ್ಕನೇ ಇರಬೇಕು.

ಈಗ ಎರಡನೇ ಮಶೀನ್ ಮುಂದೆ ನೆಲದ ಮೇಲೆ ಕೂತು ಬರೀತಿದೀನಿ. ಮೂರನೇ ಕೋಟ್ ಹಚ್ಚಿ ಆಯ್ತು.

"ಒಣಗಿತೇನೇ?"

"ನೋಡಿದ್ರೆ ಗೊತ್ತಾಗ್ತಿಲ್ಲ ಅಕ್ಕಾ."

"ನೋಡಬೇಡ. ಕಣ್ಣು ಮುಚ್ಚು, ಬೆರಳಿಡು."

ಮುಚ್ಚಿದೆ. ಒಂದು. ಪಕ್ಕದಲ್ಲಿ ಇನ್ನೊಂದು. ಅಯ್ಯೋ, ಹಸಿ — ಪುಟಕ್ಕೂ ಅಂಟಿತು, ಅಕ್ಕ ನಗ್ತಿದಾರೆ, "ಆ ಪೆನ್ನು ಇಡು, ಮೊದಲು ಇದನ್ನ ಸರಿಮಾಡು" ಅಂತ.